ರಿವೆಟ್ ತೂತು ಕೆಟ್ಟಾಗ: ಮನೆಯಲ್ಲೇ ವಿಮಾನ ಕಟ್ಟುವವರಿಗೆ ಸಮಗ್ರ ಮಾರ್ಗದರ್ಶಿ

ವಿಮಾನದ ಬಾಲದ ಅಡ್ಡರೆಕ್ಕೆ, ಅಂದರೆ ಹಾರಿಜಾಂಟಲ್ ಸ್ಟೆಬಿಲೈಜರ್. ಅದರ ಮೇಲಿನ ಸ್ಕಿನ್ (ಹೊರ ತಗಡು), ಎಡಗಡೆಯಿಂದ ಹನ್ನೊಂದನೇ ರಿವೆಟ್. ತಲೆ ಸ್ವಲ್ಪ ಓರೆಯಾಗಿ ಕೂತಿತ್ತು. ತೆಗೆದು ಹೊಸದು ಹಾಕೋಣ ಅಂತ ಡ್ರಿಲ್ ಹಿಡಿದೆ. ಬಿಟ್ ನಡುವಿನಿಂದ ಜಾರಿತು, ಅಷ್ಟೇ. ರಿವೆಟ್ ಹೊರಬಂದ ಮೇಲೆ ನೋಡಿದರೆ ತೂತು ದುಂಡಗಿರಲಿಲ್ಲ, ಹುಣಸೆ ಬೀಜದ ಹಾಗೆ ಒಂದು ಕಡೆಗೆ ಎಳೆದುಕೊಂಡಿತ್ತು.

ನಾನು ಕಟ್ಟುತ್ತಿರುವುದು ಅಮೆರಿಕದ ವ್ಯಾನ್ಸ್ ಕಂಪನಿಯ ಆರ್‌ವಿ-7 ಕಿಟ್. ಎರಡು ಸೀಟಿನ, ಪೂರ್ತಿ ಅಲ್ಯೂಮಿನಿಯಂ ವಿಮಾನ. ಇಂಥ ವಿಮಾನದಲ್ಲಿ ರಿವೆಟ್‌ಗಳು ಸಾವಿರಗಟ್ಟಲೆ. ಒಂದೂ ತೂತು ಕೆಡಿಸದೆ ಕಟ್ಟಿ ಮುಗಿಸಿದವರನ್ನು ನಾನು ಇದುವರೆಗೂ ಕಂಡಿಲ್ಲ. ಹಾಗಾಗಿ ತೂತು ಕೆಟ್ಟರೆ ಗಾಬರಿ ಬೇಡ. ಆದರೆ ಕೆಟ್ಟ ತೂತಿನ ಮೇಲೆ ಅವಸರದಲ್ಲಿ ಮಾಡುವ ಎರಡನೇ ಕೆಲಸ ಇದೆಯಲ್ಲ, ಪಾರ್ಟ್ ಹಾಳಾಗುವುದು ಅದರಿಂದಲೇ.

ಆವತ್ತು ಡ್ರಿಲ್ ಕೆಳಗಿಟ್ಟು ಬೆಂಗಳೂರಿನಲ್ಲಿರುವ ಸೋದರಮಾವನಿಗೆ ವಿಡಿಯೋ ಕಾಲ್ ಮಾಡಿದೆ. ಅವರು ಎಚ್‌ಎಎಲ್‌ನ ಶೀಟ್ ಮೆಟಲ್ ಶಾಪಿನಲ್ಲಿ ದುಡಿದು ನಿವೃತ್ತರಾದವರು. ತೂತನ್ನು ಕ್ಯಾಮೆರಾಗೆ ತೋರಿಸಿದೆ.

"ತೂತು ಆಮೇಲೆ ನೋಡೋಣ ಕಣೋ. ಅಂಚು ಎಷ್ಟಿದೆ ಹೇಳು."

"ಅಂಚು ಚೆನ್ನಾಗಿದೆ ಮಾವ, ಎಂಟು ಮಿಲಿಮೀಟರ್ ಇದೆ."

"ಹಾಗಾದ್ರೆ ಊಟ ಮಾಡಿ ಮಲಕ್ಕೋ. ನಾಳೆ ಮಾಡು."

ಈ ಲೇಖನದ ತಿರುಳೂ ಅದೇ. ತೂತು ಎಷ್ಟು ದೊಡ್ಡದಾಯಿತು ಅನ್ನುವುದಕ್ಕಿಂತ, ಅದರ ಸುತ್ತ ಎಷ್ಟು ತಗಡು ಉಳಿದಿದೆ ಅನ್ನುವುದನ್ನು ಮೊದಲು ನೋಡಬೇಕು. ರಿವೆಟ್ ದೊಡ್ಡದು ಸಿಗುತ್ತದೆ. ಕಳೆದುಹೋದ ಅಂಚು ಸಿಗುವುದಿಲ್ಲ.

ತೂತು ದುಂಡಗೆ ಯಾಕಿರಬೇಕು?

ಗಟ್ಟಿ ರಿವೆಟ್ ಅನ್ನು ಗನ್‌ನಿಂದ ಹೊಡೆದಾಗ, ಇಲ್ಲವೇ ಸ್ಕ್ವೀಜರ್‌ನಲ್ಲಿ ಒತ್ತಿದಾಗ, ಬಾಲ (ತಲೆಯ ಎದುರಿನ ತುದಿ) ಚಪ್ಪಟೆಯಾಗುವ ಮೊದಲು ಅದರ ಕಾಂಡ ಉಬ್ಬುತ್ತದೆ. ಉಬ್ಬಿ ತೂತನ್ನು ಪೂರ್ತಿ ತುಂಬುತ್ತದೆ. ಜಾಯಿಂಟ್ ಅಲುಗದೆ ನಿಲ್ಲುವುದು ಈ ತುಂಬುವಿಕೆಯಿಂದ. ತೂತು ಮೊಟ್ಟೆಯಾಕಾರಕ್ಕೆ ಬಂದಿದ್ದರೆ ಕಾಂಡ ಸಡಿಲ ಇರುವ ಕಡೆಗೆ ವಾಲುತ್ತದೆ, ಬಾಲವೂ ಆ ಕಡೆಗೇ ಜಾರುತ್ತದೆ. ಹೊರಗಿಂದ ಎಲ್ಲ ಚೆನ್ನಾಗಿಯೇ ಕಾಣಬಹುದು. ಹಾರಾಟ ಶುರುವಾದ ಮೇಲೆ ಆ ರಿವೆಟ್ ಸಣ್ಣಗೆ ಅಲುಗಾಡುತ್ತಾ ಸುತ್ತಲಿನ ಅಲ್ಯೂಮಿನಿಯಂ ತೇಯುತ್ತದೆ. ತಲೆಯ ಹಿಂದೆ ಕಪ್ಪು ಹೊಗೆಯಂಥ ಗೆರೆ ಬೀಳುತ್ತದೆ. ಹಳೆಯ ವಿಮಾನಗಳಲ್ಲಿ ಇದನ್ನು ನೋಡಿರುತ್ತೀರಿ. ಇದಕ್ಕೆ ಸ್ಮೋಕಿಂಗ್ ರಿವೆಟ್ ಅನ್ನುತ್ತಾರೆ.

ನಮ್ಮ ಕೆಲಸದಲ್ಲಿ ಜಾಸ್ತಿ ಬರುವುದು ಎರಡು ಅಳತೆಯ ರಿವೆಟ್. 3/32 ಇಂಚಿನದಕ್ಕೆ 40 ನಂಬರ್ ಬಿಟ್, ಅಂದರೆ 0.098 ಇಂಚು. 1/8 ಇಂಚಿನದಕ್ಕೆ 30 ನಂಬರ್ ಬಿಟ್, 0.1285 ಇಂಚು. ಈ ಎರಡು ಸಂಖ್ಯೆ ನೆನಪಿಡಿ, ಮುಂದಿನ ಲೆಕ್ಕವೆಲ್ಲ ಇದರ ಮೇಲೆ ನಿಂತಿದೆ.

ಮೊದಲು ಅಳೆಯಿರಿ

ಕಣ್ಣಳತೆ ನಂಬಬೇಡಿ. ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಒಂದು ಲೂಪ್, ಒಂದು ಡಿಜಿಟಲ್ ಕ್ಯಾಲಿಪರ್, ನಂಬರ್ ಬಿಟ್‌ಗಳ ಒಂದು ಸೆಟ್ ಇದ್ದರೆ ಸಾಕು.

ಬಿಟ್‌ನ ಹಿಂಭಾಗ, ಅಂದರೆ ನುಣುಪಾದ ಕಾಂಡವೇ ಒಳ್ಳೆಯ ಗೇಜು. 3/32 ರಿವೆಟ್‌ನ ತೂತಿಗೆ 40ರ ಕಾಂಡ ಹಾಕಿ. ಬಿಗಿಯಾಗಿ ಕೂತರೆ ತೂತು ಸರಿಯಿದೆ. 39, ಆಮೇಲೆ 38 ಹಾಕಿ ನೋಡಿ (ನಂಬರ್ ಕಡಿಮೆಯಾದಷ್ಟೂ ಬಿಟ್ ದಪ್ಪ). 38 ಅಂದರೆ 0.1015 ಇಂಚು. ಅದು ಸಲೀಸಾಗಿ ಹೋಗಿ ಅಲ್ಲಾಡಿದರೆ ಆ ತೂತು ಕೆಟ್ಟಿದೆ ಅಂತ ನಾನು ಲೆಕ್ಕ ಹಾಕುತ್ತೇನೆ. ಅದಕ್ಕಿಂತ ಕಡಿಮೆ ಇದ್ದರೆ ರಿವೆಟ್ ಉಬ್ಬಿ ತುಂಬಿಕೊಳ್ಳುತ್ತದೆ, ಸುಮ್ನೆ ಕೈ ಹಾಕಬೇಡಿ. ಕಾಂಡ ಒಂದು ದಿಕ್ಕಿಗೆ ಅಲ್ಲಾಡಿ ಇನ್ನೊಂದು ದಿಕ್ಕಿಗೆ ಬಿಗಿಯಾಗಿದ್ದರೆ ತೂತು ಮೊಟ್ಟೆಯಾಗಿದೆ ಅಂತ ಅರ್ಥ.

ಈಗ ಅಂಚು. ತೂತಿನ ನಡುವಿನಿಂದ ತಗಡಿನ ತುದಿಗೆ ಕನಿಷ್ಠ ರಿವೆಟ್ ವ್ಯಾಸದ ಎರಡು ಪಟ್ಟು ಇರಬೇಕು. ಸಪಾಟು ತಲೆಯ (ತಗಡಿನ ಮಟ್ಟಕ್ಕೆ ಕೂರುವ) ರಿವೆಟ್ ಆದರೆ ಎರಡೂವರೆ ಪಟ್ಟು ಇಟ್ಟುಕೊಳ್ಳುವುದು ಒಳ್ಳೆಯದು. ಒಂದು ರಿವೆಟ್‌ನಿಂದ ಪಕ್ಕದ ರಿವೆಟ್‌ಗೆ ಕನಿಷ್ಠ ಮೂರು ಪಟ್ಟು. 3/32ಕ್ಕೆ ಎರಡು ಪಟ್ಟು ಅಂದರೆ 4.8 ಮಿಲಿಮೀಟರ್. ಅದೇ ತೂತನ್ನು 1/8ಕ್ಕೆ ಏರಿಸಿದರೆ 6.4 ಮಿಲಿಮೀಟರ್ ಬೇಕು, ಸಪಾಟು ತಲೆಗೆ 7.9. ಅದಕ್ಕೇ ಮಾವ ಮೊದಲು ಅಂಚು ಕೇಳಿದ್ದು. ಅಳೆಯುವಾಗ ಎರಡು ತಗಡನ್ನೂ ಅಳೆಯಿರಿ. ಹೊರಗಿನ ಸ್ಕಿನ್‌ನಲ್ಲಿ ಧಾರಾಳವಾಗಿ ಅಂಚಿರುತ್ತದೆ, ಒಳಗಿನ ರಿಬ್‌ನ (ಸ್ಕಿನ್‌ಗೆ ಆಕಾರ ಕೊಡುವ ಅಡ್ಡಪಟ್ಟಿಯ) ಫ್ಲಾಂಜ್‌ನಲ್ಲಿ, ಅಂದರೆ ಅದರ ಮಡಚಿದ ಅಂಚಿನಲ್ಲಿ, ಇರುವುದಿಲ್ಲ.

ರಿವೆಟ್ ತೆಗೆಯುವುದು: ತೂತು ಕೆಡುವುದು ಇಲ್ಲಿಯೇ

ಕೆಟ್ಟ ತೂತುಗಳಲ್ಲಿ ಹೆಚ್ಚಿನವು ಹುಟ್ಟುವುದು ರಿವೆಟ್ ತೆಗೆಯುವಾಗ. ಆದ್ದರಿಂದ ಮೊದಲ ಪ್ರಶ್ನೆ, ಇದನ್ನು ನಿಜಕ್ಕೂ ತೆಗೆಯಬೇಕಾ? ಚಪ್ಪಟೆಯಾದ ಬಾಲದ ಅಗಲ ರಿವೆಟ್ ವ್ಯಾಸದ ಒಂದೂವರೆ ಪಟ್ಟು, ಎತ್ತರ ಅರ್ಧ ಪಟ್ಟು ಇರಬೇಕು. 3/32ಕ್ಕೆ ಅಗಲ 0.141 ಇಂಚು, ಎತ್ತರ 0.047. ಇದರ ಹತ್ತಿರ ಬಂದಿದ್ದು, ತಗಡುಗಳ ನಡುವೆ ಸಂದಿ ಇಲ್ಲದಿದ್ದರೆ, ಬಾಲ ನೋಡಲು ಸ್ವಲ್ಪ ಸೊಟ್ಟಗಿದ್ದರೂ ಬಿಟ್ಟುಬಿಡಿ. ಚೆಂದಕ್ಕೋಸ್ಕರ ತೆಗೆಯಬೇಡಿ. ನನ್ನ ಹನ್ನೊಂದನೇ ರಿವೆಟ್ ಕೂಡ ಇದ್ದ ಹಾಗೇ ಇದ್ದಿದ್ದರೆ ನಡೆಯುತ್ತಿತ್ತು.

ತೆಗೆಯಲೇಬೇಕು ಅಂದರೆ ಹೀಗೆ ಮಾಡಿ.

1. ಎಡಿ ರಿವೆಟ್‌ನ (ನಾವು ಬಳಸುವ ಅಲ್ಯೂಮಿನಿಯಂ ಮಿಶ್ರಲೋಹದ ರಿವೆಟ್) ತಲೆಯ ನಡುವೆ ಕಾರ್ಖಾನೆಯಲ್ಲೇ ಒಂದು ಸಣ್ಣ ಚುಕ್ಕಿ ಹಾಕಿರುತ್ತಾರೆ. ಸ್ಪ್ರಿಂಗ್ ಇರುವ ಸೆಂಟರ್ ಪಂಚ್‌ನಿಂದ ಅದನ್ನು ಸ್ವಲ್ಪ ಆಳ ಮಾಡಿ. ಹಿಂದೆ ಬಕಿಂಗ್ ಬಾರ್ ಅನ್ನುವ ಭಾರದ ಲೋಹದ ತುಂಡು ಆನಿಸಿರಲಿ.

2. 3/32 ರಿವೆಟ್‌ಗೆ 40ರ ಬಿಟ್. ಡ್ರಿಲ್‌ನ ಸ್ವಿಚ್ ಒತ್ತುವ ಮೊದಲು ಚಕ್ ಅನ್ನು ಕೈಯಲ್ಲೇ ಐದಾರು ಸುತ್ತು ತಿರುಗಿಸಿ. ಬಿಟ್ ಎತ್ತಿ ಲೂಪ್‌ನಲ್ಲಿ ನೋಡಿ. ಹೊಳೆಯುವ ಸಣ್ಣ ಬಟ್ಟಲು ತಲೆಯ ನಡುವೆಯೇ ಇದೆಯಾ? ಒಂದು ಕಡೆಗೆ ಸರಿದಿದ್ದರೆ ಬಿಟ್ ಅನ್ನು ಎದುರು ಕಡೆಗೆ ಸ್ವಲ್ಪ ವಾಲಿಸಿ, ಮತ್ತೆ ಕೈಯಲ್ಲೇ ತಿರುಗಿಸಿ ಸರಿಮಾಡಿ. ಈ ಅರ್ಧ ನಿಮಿಷವನ್ನು ಉಳಿಸಲು ಹೋಗಿಯೇ ನಾನು ಒಂದು ವಾರಾಂತ್ಯ ಕಳೆದುಕೊಂಡೆ.

3. ಈಗ ನಿಧಾನದ ವೇಗದಲ್ಲಿ, ತಲೆಯ ದಪ್ಪದಷ್ಟು ಮಾತ್ರ ಕೊರೆಯಿರಿ. 3/32 ಸಪಾಟು ತಲೆಯ ದಪ್ಪ ಒಂದು ಮಿಲಿಮೀಟರ್‌ಗೂ ಕಡಿಮೆ. ಬಿಟ್‌ಗೆ ಟೇಪ್ ಸುತ್ತಿ ಗುರುತು ಮಾಡಿಕೊಳ್ಳಿ. ತಗಡನ್ನು ದಾಟಬೇಡಿ.

4. ಆ ತೂತಿಗೆ ಪಿನ್ ಪಂಚ್ ಇಳಿಸಿ ಪಕ್ಕಕ್ಕೆ ಒತ್ತಿ. ಟಕ್ ಅಂತ ತಲೆ ಮುರಿದುಬರುತ್ತದೆ. ಬರದಿದ್ದರೆ ಕೂದಲೆಳೆಯಷ್ಟು ಇನ್ನೂ ಕೊರೆಯಿರಿ, ಜೋರು ಮಾಡಬೇಡಿ.

5. ಉಳಿದ ಕಾಂಡವನ್ನು ಪಂಚ್‌ನಿಂದ ಹಿಂದಕ್ಕೆ ತಳ್ಳಬೇಕು. ಆದರೆ 0.020 ಇಂಚಿನ ತಗಡಿಗೆ ಸುತ್ತಿಗೆ ಪೆಟ್ಟು ತಡೆಯುವುದಿಲ್ಲ, ಗುಂಡಿ ಬೀಳುತ್ತದೆ. ಬಾಲಕ್ಕಿಂತ ದೊಡ್ಡ ತೂತಿರುವ ಮರದ ತುಂಡನ್ನು ಹಿಂದೆ ಆನಿಸಿ, ಮೆಲ್ಲಗೆ ತಟ್ಟಿ. ಆಗಲೂ ಬರದಿದ್ದರೆ ಇನ್ನೂ ಸಣ್ಣ ಬಿಟ್‌ನಿಂದ ಕಾಂಡದ ಒಳಗೆ ಕೊರೆದು ಟೊಳ್ಳು ಮಾಡಿ, ಬಾಲವನ್ನು ಕಟರ್‌ನಲ್ಲಿ ಹಿಡಿದು ತಿರುಚಿ ಎಳೆಯಿರಿ. ತೆಳುವಾದ ಕಾಂಡ ಮಡಚಿಕೊಂಡು ಬರುತ್ತದೆ.

ಒಂದೇ ತೂತಿನಿಂದ ಎರಡು ಸಲ ರಿವೆಟ್ ತೆಗೆದಾಗಿದ್ದರೆ ಮೂರನೆಯ ಸಲ ಅದೇ ಅಳತೆಯದನ್ನು ಹಾಕಲು ಹೋಗಬೇಡಿ. ಆ ತೂತು ಅಷ್ಟರಲ್ಲಿ ದೊಡ್ಡದಾಗಿರುತ್ತದೆ.

ದೊಡ್ಡದಾದ, ಮೊಟ್ಟೆಯಾದ ತೂತು

ಅಂಚಿದ್ದರೆ ಇದು ಸುಲಭದ ಕೆಲಸ. 30 ನಂಬರ್‌ಗೆ ಏರಿಸಿ 1/8 ರಿವೆಟ್ ಹಾಕುವುದು.

ತೊಡಕು ಇರುವುದು ಒಂದು ಕಡೆ. ಬಿಟ್‌ಗೆ ಹಳೆಯ ತೂತಿನ ದಾರಿ ಗೊತ್ತು. ಮೊಟ್ಟೆಯಾದ ತೂತಿಗೆ 30ರ ಬಿಟ್ ಇಟ್ಟರೆ ಅದು ಸಡಿಲ ಇರುವ ಕಡೆಗೇ ಓಡುತ್ತದೆ, ತೂತು ಇನ್ನೂ ದೊಡ್ಡ ಮೊಟ್ಟೆಯಾಗುತ್ತದೆ. ರೀಮರ್ ಕೂಡ ಹಾಗೆಯೇ. ಅದು ತೂತನ್ನು ನುಣುಪು ಮಾಡುತ್ತದೆ, ಜಾಗ ಬದಲಿಸುವುದಿಲ್ಲ. ಅದಕ್ಕೆ ದಾರಿ ತೋರಿಸುವ ತುಂಡು ಬೇಕು. 30ರ ಅಳತೆಯ ಡ್ರಿಲ್ ಬುಷ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಆರು ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ಪಟ್ಟಿಗೆ ಡ್ರಿಲ್ ಪ್ರೆಸ್‌ನಲ್ಲಿ ನೇರವಾಗಿ ಒಂದು 30ರ ತೂತು ಹಾಕಿ. ಕೆಟ್ಟ ತೂತು ಪೂರ್ತಿ ಆ ವೃತ್ತದ ಒಳಗೆ ಬರುವ ಹಾಗೆ ಇಟ್ಟು, ಕ್ಲ್ಯಾಂಪ್ ಬಿಗಿದು, ಆಮೇಲೆ ಕೊರೆಯಿರಿ. ಅಕ್ಕಪಕ್ಕದ ತೂತುಗಳಲ್ಲಿ ಕ್ಲೀಕೋ (ತಗಡುಗಳನ್ನು ತಾತ್ಕಾಲಿಕವಾಗಿ ಹಿಡಿದಿಡುವ ಸ್ಪ್ರಿಂಗ್ ಪಿನ್) ಇರಲಿ, ತಗಡುಗಳು ಒಂದರ ಮೇಲೊಂದು ಸರಿಯಬಾರದು.

ಕೊರೆದ ಮೇಲೆ ಕ್ಲೀಕೋ ಬಿಚ್ಚಿ ತಗಡುಗಳನ್ನು ಬೇರೆ ಮಾಡಿ. ಇದನ್ನು ಬಿಡಬೇಡಿ. ನಡುವೆ ಸಿಕ್ಕಿಕೊಂಡ ಒಂದು ಸಣ್ಣ ಚೂರು ಸಾಕು, ರಿವೆಟ್ ಎಂದೂ ಬಿಗಿಯಾಗುವುದಿಲ್ಲ. ಬರ್, ಅಂದರೆ ಕೊರೆದ ಅಂಚಿನಲ್ಲಿ ಉಳಿಯುವ ಚೂಪು ಮುಳ್ಳು, ತೆಗೆಯುವಾಗ ಟೂಲ್ ಅನ್ನು ಬೆರಳಲ್ಲಿ ಹಿಡಿದು ಒಂದು ಸುತ್ತು, ಎರಡು ಸುತ್ತು, ಅಷ್ಟೇ. ಉಗುರಿನಿಂದ ಸವರಿ. ಉಗುರು ಸಿಕ್ಕಿಕೊಳ್ಳಬಾರದು, ಹಾಗೆಯೇ ಇಳಿಜಾರೂ ಸಿಗಬಾರದು. ಇಳಿಜಾರು ಸಿಕ್ಕರೆ ಜಾಸ್ತಿ ತೆಗೆದಿದ್ದೀರಿ ಅಂತ ಅರ್ಥ.

ಸಪಾಟು ತಲೆ ಕೂರಲು ತೂತಿನ ಸುತ್ತ ತಗಡನ್ನು ಬಟ್ಟಲಿನಂತೆ ಒತ್ತುವುದಕ್ಕೆ ಡಿಂಪಲ್ ಅನ್ನುತ್ತಾರೆ. ಇನ್ನೂ ಡಿಂಪಲ್ ಮಾಡಿಲ್ಲದ ತೂತಾದರೆ 1/8ರ ಡೈ (ಅಚ್ಚು) ಹಾಕಿ ಡಿಂಪಲ್ ಮಾಡಿ, ಎಎನ್426ಎಡಿ4, ಅಂದರೆ 1/8ರ ಸಪಾಟು ತಲೆಯ ರಿವೆಟ್ ಹಾಕಿ. 3/32ರ ಡಿಂಪಲ್ ಆಗಲೇ ಆಗಿದ್ದರೆ ಎನ್‌ಎಎಸ್1097ಎಡಿ4 ಅನ್ನುವ ರಿವೆಟ್ ಇದೆ. ಕಟ್ಟುವವರು ಇದನ್ನು ಪ್ರೀತಿಯಿಂದ ಊಪ್ಸ್ ರಿವೆಟ್ ಅನ್ನುತ್ತಾರೆ. ಕಾಂಡ 1/8, ತಲೆ ಮಾತ್ರ ಹೆಚ್ಚುಕಡಿಮೆ 3/32ರಷ್ಟು. ಹಳೆಯ ಡಿಂಪಲ್‌ನಲ್ಲೇ ಕೂರುತ್ತದೆ, ಹೊರಗಿಂದ ನೋಡಿದರೆ ಗೊತ್ತೇ ಆಗುವುದಿಲ್ಲ. ಮೊದಲ ದಿನವೇ ಒಂದಷ್ಟು ತರಿಸಿ ಡಬ್ಬಿಯಲ್ಲಿ ಇಟ್ಟುಕೊಳ್ಳಿ.

ಕಾಂಡದ ಅಡ್ಡಕೊಯ್ತದ ವಿಸ್ತೀರ್ಣ 3/32ರ ಕಾಂಡದ ಸುಮಾರು 1.8 ಪಟ್ಟು ಆಗುವುದರಿಂದ ಅಡ್ಡ ಎಳೆತವನ್ನು ಅದು ಧಾರಾಳವಾಗಿ ತಡೆಯುತ್ತದೆ. ಆದರೆ ತಲೆ ಚಿಕ್ಕದು. ಸ್ಕಿನ್ ಅನ್ನು ಮೇಲಕ್ಕೆ ಕಿತ್ತೆಳೆಯುವ ಬಲದ ಎದುರು ಅದು ಪೂರ್ತಿ ಅಳತೆಯ ತಲೆಯಷ್ಟು ಗಟ್ಟಿಯಲ್ಲ. ಸಾಲಿನಲ್ಲಿ ಅಲ್ಲೊಂದು ಇಲ್ಲೊಂದು ಹಾಕಿ. ಸಾಲು ಸಾಲಾಗಿ ಹಾಕುವ ಪರಿಸ್ಥಿತಿ ಬಂದರೆ ಕಿಟ್ ಕಂಪನಿಗೆ ಬರೆದು ಕೇಳಿ.

ಎಂಟರ ಆಕಾರದ ತೂತು

ಒಂದು ತೂತಿನ ಪಕ್ಕದಲ್ಲೇ ಇನ್ನೊಂದು ಬಿದ್ದು ಎರಡೂ ಕೂಡಿಕೊಂಡರೆ ಇಂಗ್ಲಿಷಿನ ಎಂಟರ ಹಾಗೆ ಕಾಣುತ್ತದೆ. ಹೆಚ್ಚಾಗಿ ಆಗುವುದು ರಿಬ್‌ನ ಫ್ಲಾಂಜ್‌ನಲ್ಲಿ. ಸ್ಕಿನ್‌ನ ತೂತಿನ ಮೂಲಕ ಕೊರೆಯುವಾಗ ಒಳಗೆ ರಿಬ್ ಸ್ವಲ್ಪ ಸರಿದಿರುತ್ತದೆ, ನಮಗೆ ಕಾಣಿಸುವುದಿಲ್ಲ.

ಎರಡು 40ರ ತೂತುಗಳ ನಡುಬಿಂದುಗಳ ಅಂತರ 0.03 ಇಂಚಿಗಿಂತ ಕಡಿಮೆ ಇದ್ದರೆ ಪೂರ್ತಿ ಎಂಟು 30ರ ವೃತ್ತದೊಳಗೆ ಮುಳುಗುತ್ತದೆ. ಆಗ ದಾರಿ ತೋರಿಸುವ ತುಂಡು ಹಾಕಿ, ನಡುವೆ ನಿಲ್ಲಿಸಿ, ಮೇಲೆ ಹೇಳಿದ ಹಾಗೆಯೇ ಮಾಡಿ. ಅದಕ್ಕಿಂತ ದೂರ ಇದ್ದರೆ ದೊಡ್ಡ ರಿವೆಟ್ ಹಿಂದೆ ಓಡಬೇಡಿ. 1/8ಕ್ಕೆ ಮುಗಿಯದೆ 5/32ಕ್ಕೆ ಹೋದರೆ ತೆಳು ಫ್ಲಾಂಜ್‌ನಲ್ಲಿ ತಗಡಿಗಿಂತ ತೂತೇ ಜಾಸ್ತಿ ಆಗುತ್ತದೆ. ಇಲ್ಲಿ ಡಬ್ಲರ್ ಹಾಕಬೇಕು.

ಡಬ್ಲರ್ ಅಂದರೆ ಹಿಂದೆ ಹಾಕುವ ತೇಪೆ ತಗಡು. ಕೆಟ್ಟ ಜಾಗದ ಭಾರವನ್ನು ಅದು ಅಕ್ಕಪಕ್ಕದ ಒಳ್ಳೆಯ ತೂತುಗಳಿಗೆ ದಾಟಿಸುತ್ತದೆ. ಹಾಗಾಗಿ ಅದು ಕೆಟ್ಟ ತೂತನ್ನು ಮುಚ್ಚಿದರೆ ಸಾಲದು, ಎರಡೂ ಕಡೆ ಕನಿಷ್ಠ ಒಂದೊಂದು, ಸಾಧ್ಯವಾದರೆ ಎರಡೆರಡು ಒಳ್ಳೆಯ ತೂತುಗಳವರೆಗೆ ಚಾಚಿರಬೇಕು.

ತಗಡು ಅದೇ ಜಾತಿಯದಾಗಿರಲಿ, ಅಂದರೆ 2024-ಟಿ3 ಆಲ್‌ಕ್ಲಾಡ್. ದಪ್ಪ ಫ್ಲಾಂಜ್‌ನಷ್ಟೇ, ಇಲ್ಲವೇ ಒಂದು ಮೆಟ್ಟಿಲು ಜಾಸ್ತಿ. ಅಗಲ ಫ್ಲಾಂಜ್‌ನೊಳಗೆ ಕೂರುವಷ್ಟು, ಆದರೆ ಬಗ್ಗಿಸಿದ ಮೂಲೆಯ ಮೇಲೆ ಏರಬಾರದು. ಕತ್ತರಿಸಿ ಅಂಚುಗಳನ್ನು ಫೈಲ್‌ನಿಂದ ನಯ ಮಾಡಿ, ಮೂಲೆಗಳನ್ನು ದುಂಡಗೆ ಮಾಡಿ. ಚೂಪು ಮೂಲೆಯಿಂದಲೇ ಬಿರುಕು ಶುರುವಾಗುತ್ತದೆ. ಹಿಂದೆ ಕ್ಲ್ಯಾಂಪ್ ಮಾಡಿ, ಒಳ್ಳೆಯ ತೂತುಗಳ ಮೂಲಕ ಅದಕ್ಕೆ ಕೊರೆಯಿರಿ. ಒಂದು ತೂತಾದ ಕೂಡಲೇ ಕ್ಲೀಕೋ ಹಾಕಿ ಮುಂದಿನದಕ್ಕೆ ಹೋಗಿ. ಕೊನೆಗೆ ಸ್ಕಿನ್‌ನ ಸರಿಯಾದ ತೂತಿನ ಮೂಲಕ, ಎಂಟರ ನಡುವೆ ಹಾದು, ಡಬ್ಲರ್‌ಗೂ ಒಂದು ತೂತು ಹಾಕಿ. ಅಲ್ಲಿ ಈಗ ಒಂದು ದುಂಡಗಿನ ತೂತು ಸಿಕ್ಕಿತಲ್ಲ, ರಿವೆಟ್‌ನ ಬಾಲ ಅದರ ಮೇಲೆ ಕೂರುತ್ತದೆ. ಸ್ಕಿನ್ ಮತ್ತು ಫ್ಲಾಂಜ್ ಡಿಂಪಲ್ ಆಗಿದ್ದರೆ ಡಬ್ಲರ್‌ಗೂ ಡಿಂಪಲ್ ಮಾಡಬೇಕು, ಇಲ್ಲದಿದ್ದರೆ ಮೂರೂ ಒಂದರೊಳಗೊಂದು ಕೂರುವುದಿಲ್ಲ. ಪ್ರೈಮರ್ ಹೊಡೆದು, ಒಣಗಿಸಿ, ರಿವೆಟ್ ಮಾಡಿ.

ರಿವೆಟ್‌ನ ಉದ್ದ ಬದಲಾಗುತ್ತದೆ, ಇದನ್ನು ತುಂಬಾ ಜನ ಮರೆಯುತ್ತಾರೆ. ಎಲ್ಲ ತಗಡುಗಳ ದಪ್ಪಕ್ಕೆ ವ್ಯಾಸದ ಒಂದೂವರೆ ಪಟ್ಟು ಕೂಡಿಸಿ. ಸ್ಕಿನ್ 0.020, ಫ್ಲಾಂಜ್ 0.025, ಒಟ್ಟು 0.045. ಅದಕ್ಕೆ 0.141 ಕೂಡಿಸಿದರೆ 0.186 ಇಂಚು. 3/16 ಇಂಚಿಗೆ ಹತ್ತಿರ, ಆದ್ದರಿಂದ ಎಡಿ3-3 (ಮೊದಲ 3 ಅಂದರೆ ವ್ಯಾಸ 3/32, ಎರಡನೆಯ 3 ಅಂದರೆ ಉದ್ದ 3/16). ಈಗ 0.025ರ ಡಬ್ಲರ್ ಸೇರಿತು, 0.211 ಆಯಿತು. 3-3 ಹಾಕಿದರೆ ಬಾಲ ಸಣ್ಣದಾಗುತ್ತದೆ. 3-3.5 ಬೇಕು, ಅದರ ಉದ್ದ 0.219. ಅದೇ ದಪ್ಪದ ಚೂರು ತಗಡುಗಳಲ್ಲಿ ಮೊದಲು ಒಂದು ಒತ್ತಿ, ಬಾಲ ಅಳೆದು, ಆಮೇಲೆ ವಿಮಾನಕ್ಕೆ ಹೋಗಿ.

ಬಿರುಕು ಬಿಟ್ಟ ಡಿಂಪಲ್

ಬರ್ ಸರಿಯಾಗಿ ತೆಗೆಯದೆ ಡಿಂಪಲ್ ಮಾಡಿದರೆ ತೂತಿನ ಅಂಚಿನಿಂದ ಹೊರಕ್ಕೆ ಕೂದಲಿನಂಥ ಬಿರುಕು ಏಳುತ್ತದೆ. ತೂತಿನ ಒಳಗೋಡೆ ಎಷ್ಟು ನುಣುಪಾಗಿದೆ ಅನ್ನುವುದು ಇಲ್ಲಿ ತುಂಬಾ ಮುಖ್ಯ. 2023ರಲ್ಲಿ ಲೇಸರ್‌ನಿಂದ ಕತ್ತರಿಸಿದ ಕೆಲವು ಪಾರ್ಟ್‌ಗಳ ತೂತುಗಳು ಡಿಂಪಲ್ ಮಾಡಿದಾಗ ಬಿರುಕು ಬಿಡಬಹುದು ಅಂತ ವ್ಯಾನ್ಸ್ ಕಂಪನಿಯೇ ಹೇಳಿ, ಪರೀಕ್ಷೆಗಳನ್ನು ಮಾಡಿತು. ಆಮೇಲಿನಿಂದ ಕಟ್ಟುವವರೆಲ್ಲ ಲೂಪ್ ಹಿಡಿದು ನೋಡುವುದು ಜಾಸ್ತಿ ಆಗಿದೆ. ಒಳ್ಳೆಯದೇ ಆಯಿತು.

40ರಿಂದ 30ಕ್ಕೆ ಏರಿಸಿದಾಗ ತೂತಿನ ಸುತ್ತ ಹೋಗುವುದು 0.015 ಇಂಚು, ಅರ್ಧ ಮಿಲಿಮೀಟರ್‌ಗೂ ಕಡಿಮೆ. ಬಿರುಕು ಅದಕ್ಕಿಂತ ಚಿಕ್ಕದಿದ್ದರೆ ಅದರ ಜೊತೆಗೇ ಹೋಗುತ್ತದೆ, ಊಪ್ಸ್ ರಿವೆಟ್ ಹಾಕಬಹುದು. ಕೊರೆದ ಮೇಲೆ ಡೈ ಪೆನೆಟ್ರೆಂಟ್ (ಬಿರುಕಿನೊಳಗೆ ಇಳಿದು ಅದನ್ನು ಎತ್ತಿ ತೋರಿಸುವ ಬಣ್ಣ) ಹಚ್ಚಿ ನೋಡಿ. ಕೆಂಪು ಗೆರೆ ಮತ್ತೆ ಕಂಡರೆ ಅಲ್ಲಿಗೆ ನಿಲ್ಲಿಸಿ. ಮೇಲೆ ರಿವೆಟ್ ತಲೆ ಕೂತರೆ ಬಿರುಕು ಕಾಣುವುದಿಲ್ಲ, ಆದರೆ ಬೆಳೆಯುತ್ತಲೇ ಇರುತ್ತದೆ.

ಕೌಂಟರ್‌ಸಿಂಕ್ ಆಳ ಜಾಸ್ತಿಯಾದರೆ

ಕೌಂಟರ್‌ಸಿಂಕ್ ಅಂದರೆ ಸಪಾಟು ತಲೆ ಕೂರಲು ತಗಡನ್ನು ಒತ್ತದೆ, ಬಟ್ಟಲಿನಂತೆ ಕೆತ್ತುವುದು. ಅದು ತಗಡನ್ನು ಪೂರ್ತಿ ದಾಟಿದರೆ ಕೆಳಗಡೆ ತೂತೇ ಅಗಲವಾಗುತ್ತದೆ, ಅಂಚು ಚಾಕುವಿನಂತೆ ಚೂಪಾಗುತ್ತದೆ. 3/32ಕ್ಕೆ ಕನಿಷ್ಠ 0.032 ಇಂಚು, 1/8ಕ್ಕೆ 0.040 ಇಂಚು ದಪ್ಪದ ತಗಡು ಬೇಕು. ಅದಕ್ಕಿಂತ ತೆಳುವಾದರೆ ಡಿಂಪಲ್ ಮಾಡುವುದೇ ಸರಿ. ಆಳ ಜಾಸ್ತಿಯಾದ ತೂತಿಗೆ ದಪ್ಪ, ಅಂಚು ಎರಡೂ ಇದ್ದರೆ ಮಾತ್ರ ಮುಂದಿನ ಅಳತೆಗೆ ಹೋಗಿ. ಇಲ್ಲದಿದ್ದರೆ ಡಬ್ಲರ್.

ಅಂಚೇ ಇಲ್ಲದಿದ್ದರೆ

ನಡುವಿನಿಂದ ತುದಿಗೆ ಎರಡು ಪಟ್ಟು ಇಲ್ಲ ಅಂದರೆ ದೊಡ್ಡ ರಿವೆಟ್ ಅದನ್ನು ಇನ್ನೂ ಹಾಳು ಮಾಡುತ್ತದೆ. ರಿಬ್ ಅಥವಾ ಬ್ರಾಕೆಟ್ ಆದರೆ ಹೊಸದು ತರಿಸಿ, ಯೋಚನೆಯೇ ಬೇಡ. ಸ್ಪಾರ್ (ರೆಕ್ಕೆಯ ಉದ್ದಕ್ಕೂ ಹೋಗುವ ಮುಖ್ಯ ತೊಲೆ), ಸ್ಪಾರ್‌ನ ಜೋಡಣೆ, ಕಂಟ್ರೋಲ್ ಹಿಂಜ್‌ಗಳ ಬ್ರಾಕೆಟ್, ಎಂಜಿನ್ ಮೌಂಟ್ ಕೂರುವ ಜಾಗ, ಇವುಗಳಲ್ಲಿ ಯಾವ ತೂತು ಕೆಟ್ಟರೂ, ಅಂಚಿರಲಿ ಇಲ್ಲದಿರಲಿ, ಸ್ವಂತ ತೀರ್ಮಾನ ಬೇಡ. ಅಳತೆ ಹಾಕಿ, ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೋ ತೆಗೆದು, ಡ್ರಾಯಿಂಗ್ ನಂಬರ್ ಸಮೇತ ಕಿಟ್ ಕಂಪನಿಗೆ ಕಳಿಸಿ. ಅಮೆರಿಕದಲ್ಲಿ ಇರುವವರಿಗೆ ಇನ್ನೊಂದು ಅನುಕೂಲ ಇದೆ. ಇಎಎ ಅನ್ನುವ, ಮನೆಯಲ್ಲಿ ವಿಮಾನ ಕಟ್ಟುವವರ ಸಂಘದ ಸದಸ್ಯರಾಗಿದ್ದರೆ ಅವರ ಟೆಕ್ನಿಕಲ್ ಕೌನ್ಸೆಲರ್ ದುಡ್ಡಿಲ್ಲದೆ ಮನೆಗೇ ಬಂದು ನೋಡುತ್ತಾರೆ. ನಮ್ಮ ಗ್ಯಾರೇಜಿಗೆ ಬಂದವರು ಸ್ಕಿನ್ ಮೇಲೆ ಬೆರಳಾಡಿಸಿ, ನಾನು ಸರಿಯಿದೆ ಅಂದುಕೊಂಡಿದ್ದ ಎರಡು ರಿವೆಟ್ ಕೆಳಗಿನ ಸಂದಿ ತೋರಿಸಿದರು.

ಇವನ್ನು ಮಾತ್ರ ಮಾಡಬೇಡಿ

ಎಪಾಕ್ಸಿ ಮೆತ್ತಿ ತೂತು ತುಂಬಿ ಮತ್ತೆ ಕೊರೆಯುವುದು. ಅಂಚನ್ನು ಸುತ್ತಿಗೆಯಿಂದ ತಟ್ಟಿ ತೂತು ಕಿರಿದು ಮಾಡುವುದು. ವೆಲ್ಡಿಂಗ್ ಮಾಡಿಸುವುದು. ಎಪಾಕ್ಸಿಗೆ ಆ ಭಾರ ಹೊರುವ ಶಕ್ತಿ ಇಲ್ಲ. ತಟ್ಟಿದ ಅಂಚು ಬಿರುಕಿನ ತವರು. 2024 ಅಲ್ಯೂಮಿನಿಯಂಗೆ ವೆಲ್ಡಿಂಗ್ ಬಿಸಿ ತಾಗಿದರೆ ಅದರ ಹದವೇ ಹೋಗುತ್ತದೆ. ಹಾರ್ಡ್‌ವೇರ್ ಅಂಗಡಿಯ ಪಾಪ್ ರಿವೆಟ್ ಕೂಡ ಬೇಡ. ಕೈ ತೂರದ ಜಾಗದಲ್ಲಿ ಚೆರಿಮ್ಯಾಕ್ಸ್‌ನಂಥ ವಿಮಾನದ ಬ್ಲೈಂಡ್ ರಿವೆಟ್‌ಗಳಿವೆ. ಎಲ್ಲಿ ಯಾವುದು ಹಾಕಬಹುದು ಅಂತ ಕಿಟ್ ಕಂಪನಿ ಹೇಳುತ್ತದೆ.

ರಿಪೇರಿ ಮಾಡಿದ್ದನ್ನೆಲ್ಲ ಬಿಲ್ಡರ್ ಲಾಗ್‌ನಲ್ಲಿ ಬರೆಯಿರಿ. ತೂತು ಎಲ್ಲಿತ್ತು, ಅಂಚು ಎಷ್ಟಿತ್ತು, ಯಾವ ರಿವೆಟ್ ಹಾಕಿದಿರಿ, ಮೊದಲಿನ ಮತ್ತು ಆಮೇಲಿನ ಫೋಟೋ. ಮುಂದೆ ಪ್ರತಿ ವರ್ಷದ ತಪಾಸಣೆಯಲ್ಲಿ ಆ ಜಾಗವನ್ನು ಹುಡುಕಿ ನೋಡಬೇಕಾಗುತ್ತದೆ.

ನನ್ನ ಹನ್ನೊಂದನೇ ತೂತಿಗೆ ಮರುದಿನ ಬೆಳಿಗ್ಗೆ ದಾರಿ ತೋರಿಸುವ ತುಂಡು ಬಿಗಿದು 30ಕ್ಕೆ ಏರಿಸಿದೆ. ಎರಡು ಸುತ್ತು ಬರ್ ತೆಗೆದು, ಊಪ್ಸ್ ರಿವೆಟ್ ಇಟ್ಟು, ಕೈ ಸ್ಕ್ವೀಜರ್‌ನಲ್ಲಿ ಒಂದೇ ಒತ್ತು ಒತ್ತಿದೆ. ಬಾಲದ ಅಗಲ 0.19 ಬಂತು. ಫೋಟೋ ಮಾವನಿಗೆ ಕಳಿಸಿದೆ. "ಹನ್ನೆರಡನೇದು ಮುಟ್ಟಬೇಡ" ಅಂತ ಉತ್ತರ ಬಂತು.